ಏಳಲೊಲ್ಲದ ಯಂತ್ರ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಕಪಾಟಿನ ಕೆಳಗಿನ ಖಾನೆಯೊಳಗೆ, ಅಪ್ಪನ ಹಳೆಯ ಧೋತರದ ತುಂಡೊಂದನ್ನು ಹೊದ್ದುಕೊಂಡು ಒಂದು ವಿಡಿಯೊ ರೆಕಾರ್ಡರು ಹತ್ತೊಂಬತ್ತು ವರ್ಷ ಕುಳಿತಿತ್ತು. ಅದು ಕೆಟ್ಟುಹೋಗಿದೆಯೆಂಬುದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗಲೆಲ್ಲ ಅದನ್ನು ಎತ್ತಿ, ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದೆವು. ಹೊರಗೆ ಹಾಕುವ ಮಾತನ್ನು ಯಾರಾದರೂ ಎತ್ತಿದರೆ ಅವ್ವನದು ಒಂದೇ ಉತ್ತರ: "ಇರಲಿ ಬಿಡು, ಅದೇನು ಅನ್ನ ಕೇಳತೈತೇನು?"

1988ರಲ್ಲಿ ಮಸ್ಕತ್‌ನಲ್ಲಿದ್ದ ನನ್ನ ಸೋದರಮಾವನ ಮಗ ರಜೆಗೆ ಬಂದಾಗ ತಂದುಕೊಟ್ಟ ಯಂತ್ರವದು. ಆ ದಿನಗಳನ್ನು ಕಂಡವರಿಗೆ ಅದರ ಮಹತ್ವವನ್ನು ಹೇಳಬೇಕಾಗಿಲ್ಲ. 1982ರ ದಿಲ್ಲಿ ಏಷ್ಯಾಡ್ ಕ್ರೀಡಾಕೂಟದ ಸಮಯದಲ್ಲಿ ನಮ್ಮ ದೇಶಕ್ಕೆ ಬಣ್ಣದ ದೂರದರ್ಶನ ಬಂದ ಮೇಲೆ, ಶನಿವಾರ ರಾತ್ರಿ ವಿಸಿಆರ್ ಬಾಡಿಗೆಗೆ ತಂದು, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಿನವರೆಗೆ ಮೂರು ಸಿನಿಮಾ ನೋಡುವುದು ಓಣಿಯವರಿಗೆಲ್ಲ ಜಾತ್ರೆಯಂತಿರುತ್ತಿತ್ತು. ನಮ್ಮ ಮನೆಗೆ ಸ್ವಂತದ್ದೇ ಯಂತ್ರ ಬಂದಾಗ ಅಪ್ಪನಿಗೆ ಸಂತೋಷವಾಗಲಿಲ್ಲ. "ಮನಿಯೊಳಗ ಥೇಟರ್ ಇಟ್ರ ಓದು ಯಾವಾಗ?" ಎಂದು ಕೇಳಿದ್ದರು. ಅವರು ಅದರ ಮುಂದೆ ಕುಳಿತದ್ದು ಒಮ್ಮೆ ಮಾತ್ರ, ನನ್ನ ತಂಗಿಯ ಮದುವೆಯ ಕ್ಯಾಸೆಟ್ ಬಂದ ದಿನ.

ಮದುವೆ ನಡೆದದ್ದು 1989ರ ಮೇ ತಿಂಗಳಲ್ಲಿ, ನವಲಗುಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ. ಅಪ್ಪ ತೀರಿಕೊಂಡದ್ದು 1994ರಲ್ಲಿ. ಅವರ ಭಾವಚಿತ್ರಗಳು ನಮ್ಮಲ್ಲಿ ನಾಲ್ಕಾರು ಇವೆ. ಎಲ್ಲದರಲ್ಲಿಯೂ ಅವರು ಹಣೆಯ ತುಂಬ ವಿಭೂತಿ ಧರಿಸಿ, ಸಾಕ್ಷಿ ಹೇಳಲು ನಿಂತವರಂತೆ ಬಿಗಿಯಾಗಿ ನಿಂತಿದ್ದಾರೆ. ಆದರೆ ಅವರ ಧ್ವನಿ ಉಳಿದಿದ್ದರೆ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಎರಡು ವರ್ಷಗಳಿಂದೀಚೆಗೆ ಗ್ಲಾಕೋಮಾ ರೋಗದಿಂದ ಅವ್ವನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಯಿತು. ಮೊದಮೊದಲು ಅಪ್ಪನ ಫೋಟೋದ ಗಾಜಿನ ಮೇಲೆ ಕೈಯಾಡಿಸುತ್ತಿದ್ದಳು. 2023ರ ಡಿಸೆಂಬರ್ ತಿಂಗಳ ಒಂದು ಸಂಜೆ ಫೋಟೋವನ್ನು ನನ್ನ ಕೈಗೆ ಕೊಟ್ಟು, "ಇದನ್ನ ಗ್ವಾಡಿಗೆ ಹಾಕಿಬಿಡು ಯಪ್ಪಾ. ನನಗ ಇದರಿಂದ ಏನೂ ಆಗೂದಿಲ್ಲ. ನಿಮ್ಮಪ್ಪಾರು ನಕ್ಕದ್ದು ಕೇಳಬೇಕಾಗೇತಿ. ಆ ಲಗ್ನದ ಕ್ಯಾಸೆಟ್ಟಿನ್ಯಾಗ ಒಮ್ಮಿ ನಕ್ಕಾರ ಅವರು" ಎಂದಳು. ನನಗೆ ಅಂಥ ನೆನಪಿರಲಿಲ್ಲ. ಅಪ್ಪ ನಕ್ಕದ್ದನ್ನು ಕಂಡ ನೆನಪೇ ನನಗೆ ಕಡಿಮೆ. ತಂಗಿಯನ್ನು ಫೋನಿನಲ್ಲಿ ಕೇಳಿದರೆ ಅವಳಿಗೂ ನೆನಪಿಲ್ಲ.

ಕ್ಯಾಸೆಟ್ಟನ್ನು ಯಾವುದಾದರೂ ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಬಹುದಿತ್ತಲ್ಲವೆ ಎಂದು ಓದುಗರು ಕೇಳಬಹುದು. ನಮ್ಮ ಬೀಗರೊಬ್ಬರು ಹಾಗೆಯೇ ತಮ್ಮ ಮಗನ ಮದುವೆಯ ಕ್ಯಾಸೆಟ್ಟನ್ನು ದೊಡ್ಡ ಊರಿನ ಅಂಗಡಿಯೊಂದಕ್ಕೆ ಕಳಿಸಿದ್ದರು. ಮೂರು ತಿಂಗಳ ಮೇಲೆ ಅದು ನಡುವೆ ಹರಿದು, ಸುಕ್ಕುಗಟ್ಟಿ ಮರಳಿ ಬಂತು. ಆ ಕಥೆ ಕೇಳಿದ ಮೇಲೆ ಅವ್ವ ನಮ್ಮ ಕ್ಯಾಸೆಟ್ಟನ್ನು ಟ್ರಂಕಿನಿಂದ ಹೊರಗೆ ತೆಗೆಯಗೊಡಲಿಲ್ಲ. ಹೊಸ ಯಂತ್ರ ಕೊಳ್ಳೋಣವೆಂದರೆ, 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ವಿಎಚ್‌ಎಸ್ ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿಬಿಟ್ಟಿದೆ. ಹೀಗಾಗಿ ಧೋತರದ ತುಂಡಿನ ಕೆಳಗಿದ್ದ ಯಂತ್ರವನ್ನೇ ಎಬ್ಬಿಸಬೇಕಾಯಿತು.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಕಲಿಸುವುದು ಬೇರೆ, ಕೈಯಿಂದ ಮಾಡುವುದು ಬೇರೆ ಎಂಬುದು ಯಂತ್ರದ ಮುಚ್ಚಳ ಬಿಚ್ಚಿದ ಮೊದಲ ದಿನವೇ ತಿಳಿಯಿತು. ಗುಂಡಿ ಒತ್ತಿದರೆ ದೀಪವಿಲ್ಲ, ಗಡಿಯಾರದ ಅಂಕಿಗಳಿಲ್ಲ, ಸದ್ದೂ ಇಲ್ಲ. ಫ್ಯೂಸ್ ಸುಟ್ಟಿರಬೇಕೆಂದು ಊಹಿಸಿ, ಪೇಟೆಗೆ ಹೋಗಿ ಫ್ಯೂಸ್ ತಂದು ಹಾಕಿದೆ. ಹಳೆಯದನ್ನು ಪರೀಕ್ಷಿಸಬೇಕೆಂಬ ಬುದ್ಧಿ ಆಮೇಲೆ ಬಂತು. ಅದು ಸರಿಯಾಗಿಯೇ ಇತ್ತು. ವಿದ್ಯಾರ್ಥಿಯೊಬ್ಬ ಪ್ರಯೋಗಶಾಲೆಯಲ್ಲಿ ಹೀಗೆ ಮಾಡಿದ್ದರೆ ನಾನು ಅವನನ್ನು ಹೊರಗೆ ನಿಲ್ಲಿಸುತ್ತಿದ್ದೆ. 2004ರಲ್ಲಿ ಇದೇ ಯಂತ್ರವನ್ನು ಅಂಗಡಿಯೊಂದಕ್ಕೆ ಒಯ್ದಿದ್ದಾಗ, ಅಲ್ಲಿಯವರು ಮುಚ್ಚಳವನ್ನೂ ತೆಗೆಯದೆ "ಬೋರ್ಡ್ ಹೋಗಿದೆ" ಎಂದಿದ್ದರು. ನಾನೂ ನಂಬಿ ಮರಳಿ ತಂದಿದ್ದೆ.

ಕೊನೆಗೆ ನೆನಪಾದವರು ಮಾರುಕಟ್ಟೆಯ ಓಣಿಯಲ್ಲಿ ರೇಡಿಯೊ-ಟಿವಿ ದುರಸ್ತಿ ಮಾಡುತ್ತಿದ್ದ ಹಿರಿಯರು. ವಾಲ್ವ್ ರೇಡಿಯೊ ಕಾಲದಲ್ಲಿ ಕೆಲಸ ಕಲಿತವರು. ಜನ ಕೆಟ್ಟ ಟಿವಿಯನ್ನು ದುರಸ್ತಿ ಮಾಡಿಸುವ ಬದಲು ಹೊಸದನ್ನೇ ಕೊಳ್ಳತೊಡಗಿದಾಗ ಅಂಗಡಿ ಮುಚ್ಚಿದ್ದರು. ಹೋಗಿ ಕೇಳಿಕೊಂಡೆ. ಒಂದು ರವಿವಾರ ಬೆಳಿಗ್ಗೆ ಹಳೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ತಾವೇ ಮನೆಗೆ ಬಂದರು.

ಬಂದವರು ಯಂತ್ರವನ್ನು ಮುಟ್ಟಲಿಲ್ಲ. ಚಹಾ ಕುಡಿಯುತ್ತ, "ಇದು ಹ್ಯಾಂಗ ಕೆಟ್ಟತ್ರಿ ಸರ? ಢಬ್ ಅಂತ ಸದ್ದಾಗಿ, ಸುಟ್ಟ ವಾಸನಿ ಬಂದು ಹೋತೋ, ಇಲ್ಲಾ ದಿನಾ ಒಂದಿಷ್ಟು ಕಾಡಿ ಕಾಡಿ ನಿಂತಿತೋ?" ಎಂದು ಕೇಳಿದರು. ನನಗೆ ಹೇಳಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮನೆಯವರು ಹೇಳಿದರು: "ಕಾಡಿ ಕಾಡಿ ನಿಂತಿತ್ರಿ. ಕರೆಂಟ್ ಹೋಗಿ ಬಂದ ಮ್ಯಾಲೆ ಏಳತಿದ್ದಿಲ್ಲ. ಥಂಡಿ ದಿನದಾಗ ಮುಂಜಾನೆ ಅಂತೂ ಏಳತಿದ್ದೇ ಇಲ್ಲ. ಮಧ್ಯಾಹ್ನ ಬಿಸಲೇರಿದ ಮ್ಯಾಲೆ ತಾನ ಏಳತಿತ್ತು. ಒಮ್ಮಿ ಎದ್ದರ ಆಮ್ಯಾಲೆ ದಿನವಿಡೀ ಏನೂ ತ್ರಾಸ ಇದ್ದಿಲ್ಲ. ಇವರಿಗೆ ಹೇಳಿದ್ದೆ ನಾ ಆವಾಗ."

ಹೇಳಿದ್ದು ನಿಜ. 2003ರಲ್ಲೋ ಏನೋ ಅವರು ಹೀಗೆಂದಾಗ, ಯಂತ್ರಕ್ಕೆ ಚಳಿ ಬಿಸಿಲಿನ ಪರಿವೆ ಇರುವುದಿಲ್ಲವೆಂದು ನಾನು ನಕ್ಕು ಸುಮ್ಮನಾಗಿದ್ದೆ. ಹಿರಿಯರು ಮಾತ್ರ ಬಟ್ಟಲನ್ನು ಕೆಳಗಿಟ್ಟು, "ಅಕ್ಕಾರ, ಅರ್ಧ ಕೆಲಸ ನೀವ ಮಾಡಿಕೊಟ್ರಿ" ಎಂದರು.

ಇಲ್ಲಿ ಯಂತ್ರದ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳುವುದು ಅವಶ್ಯ. ಹಳೆಯ ರೇಡಿಯೊಗಳಲ್ಲಿ ಮನೆಯ 230 ವೋಲ್ಟ್ ವಿದ್ಯುತ್ತನ್ನು ತಗ್ಗಿಸಲು ಕಬ್ಬಿಣದ ತಿರುಳಿನ ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ನಮ್ಮ ವಿಸಿಆರ್‌ನಲ್ಲಿದ್ದದ್ದು ಸ್ವಿಚಿಂಗ್ ಪದ್ಧತಿಯ ಪವರ್ ಸಪ್ಲೈ. ಅದು ಬಂದ ವಿದ್ಯುತ್ತನ್ನು ಮೊದಲು ನೇರ ಪ್ರವಾಹವಾಗಿಸಿ, ದೊಡ್ಡದೊಂದು ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್‌ನಷ್ಟು ತುಂಬಿಕೊಳ್ಳುತ್ತದೆ. 230 ಎಂಬುದು ಆರ್‌ಎಂಎಸ್ ಎಂಬ ಒಂದು ಬಗೆಯ ಸರಾಸರಿಯ ಲೆಕ್ಕ. ಅಲೆಯ ಶಿಖರ ಅದರ 1.414ರಷ್ಟಿರುತ್ತದೆ. ಬಳಿಕ ಒಂದು ಟ್ರಾನ್ಸಿಸ್ಟರು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆಚೆ ಬದಿಯಲ್ಲಿ 5 ವೋಲ್ಟ್, 12 ವೋಲ್ಟ್ ಮುಂತಾಗಿ ಯಂತ್ರಕ್ಕೆ ಬೇಕಾದದ್ದು ಸಿಗುತ್ತದೆ.

ಆದರೆ ಹೀಗೆ ಕಡಿಯುವ ವ್ಯವಸ್ಥೆಗೆ ತಾನು ನಡೆಯಲಿಕ್ಕೂ ಒಂದಿಷ್ಟು ವಿದ್ಯುತ್ತು ಬೇಕಷ್ಟೆ? ನಡೆಯತೊಡಗಿದ ಮೇಲೆ ಅದನ್ನು ತನ್ನ ಟ್ರಾನ್ಸ್‌ಫಾರ್ಮರಿನಿಂದಲೇ ಪಡೆದುಕೊಳ್ಳುತ್ತದೆ. ಮೊದಲ ಕ್ಷಣದಲ್ಲಿ ಮಾತ್ರ ಯಾರಾದರೂ ಕೊಡಬೇಕು. ಬಾವಿಯ ಮೇಲೆ ಪಂಪ್‌ಸೆಟ್ ಇಟ್ಟ ರೈತರಿಗೆ ಇದು ಕೂಡಲೇ ತಿಳಿಯುತ್ತದೆ. ಪಂಪಿನ ಹೊಟ್ಟೆಗೆ ಮೊದಲು ಒಂದು ಕೊಡ ನೀರು ಹೊಯ್ಯದಿದ್ದರೆ ಅದು ಬರಿದೆ ಗಾಳಿಯಲ್ಲಿ ತಿರುಗುತ್ತದೆ. ಒಮ್ಮೆ ನೀರು ಹಿಡಿಯಿತೆಂದರೆ ದಿನವಿಡೀ ಎಳೆಯುತ್ತದೆ. ಆ ಒಂದು ಕೊಡ ನೀರನ್ನು ಹಿಡಿದಿಡುವ ಕೆಲಸ ಇಲ್ಲಿ ಕಿರುಬೆರಳ ತುದಿಯಷ್ಟು ಗಾತ್ರದ ಒಂದು ಕೆಪ್ಯಾಸಿಟರಿನದು. ಮೆಕ್ಯಾನಿಕರು ಅದನ್ನು ಇಂದಿಗೂ ಕಂಡೆನ್ಸರ್ ಎಂದೇ ಕರೆಯುತ್ತಾರೆ.

ಹಿರಿಯರು ಕಾರಣವನ್ನು ಊಹಿಸಿದ್ದರೂ ನೇರವಾಗಿ ಅದಕ್ಕೆ ಕೈಹಾಕಲಿಲ್ಲ. ಮೊದಲು ವೈರು, ಆಮೇಲೆ ಫ್ಯೂಸ್. "ಫ್ಯೂಸ್ ಕರ್ರಗಾಗಿ ಸುಟ್ಟಿತ್ತಂದ್ರ ಒಳಗ ಏನೋ ಶಾರ್ಟ್ ಆಗೇತಿ ಅಂತ ತಿಳಕೋಬೇಕು. ಫ್ಯೂಸ್ ನೆಟ್ಟಗಿದ್ದು ಯಂತ್ರ ಸುಮ್ಮನದ ಅಂದ್ರ, ಅದು ಸತ್ತಿಲ್ಲ, ಏಳವಲ್ತು ಅಷ್ಟ" ಎಂದರು. ಟಿಕ್ ಟಿಕ್ ಎಂಬ ಸದ್ದೇನಾದರೂ ಇದೆಯೇ ಎಂದು ಕಿವಿಗೊಟ್ಟರು. ಆಚೆ ಬದಿಯಲ್ಲಿ ಹೊರೆ ಹೆಚ್ಚಾಗಿದ್ದರೆ ಇಂಥ ಪವರ್ ಸಪ್ಲೈ ಎದ್ದು ಬಿದ್ದು ಎದ್ದು ಬಿದ್ದು ಹಾಗೆ ಸದ್ದು ಮಾಡುವುದುಂಟಂತೆ. ನಮ್ಮದು ಪೂರ್ತಿ ಮೌನವಾಗಿತ್ತು.

ವಿದ್ಯುತ್ ಕೊಡುವ ಮುಂಚೆ ಅವರು 100 ವ್ಯಾಟಿನ ಹಳೆಯ ತಂತಿಯ ಬಲ್ಬ್ ಕೇಳಿದರು. ಅದನ್ನು ಯಂತ್ರಕ್ಕೆ ಹೋಗುವ ಒಂದು ತಂತಿಯ ನಡುವೆ ಸೇರಿಸಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಉರಿಯುತ್ತದೆಯೇ ಹೊರತು ಯಂತ್ರ ಸುಡುವುದಿಲ್ಲ. ಈಗಿನ ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ಮನೆಯಲ್ಲೆಲ್ಲ ಹುಡುಕಿ, ಕೊನೆಗೆ ಅಟ್ಟದ ಮೇಲೆ ಹಿತ್ತಾಳೆ ಹಂಡೆಯೊಳಗೆ ಕಾಗದದಲ್ಲಿ ಸುತ್ತಿಟ್ಟ ಒಂದು ಬಲ್ಬ್ ಸಿಕ್ಕಿತು. ಯಾವ ಕಾಲದಲ್ಲಿ ಯಾರು ಇಟ್ಟದ್ದೋ. ಪ್ಲಗ್ ಹಾಕಿದಾಗ ಅದು ಒಮ್ಮೆ ಮಿಂಚಿ ಆರಿತು. ಶಾರ್ಟ್ ಇಲ್ಲ.

ಮೀಟರನ್ನು ದೊಡ್ಡ ಕೆಪ್ಯಾಸಿಟರಿಗೆ ಹಿಡಿದರು: 318 ವೋಲ್ಟ್. ಅಲ್ಲಿಯವರೆಗಿನದೆಲ್ಲ ಸರಿಯಾಗಿದೆಯೆಂದಾಯಿತು. ಆಚೆ ಬದಿಯಲ್ಲಿ ನೋಡಿದರೆ ಸೊನ್ನೆ. ಪ್ಲಗ್ ಕಿತ್ತು ಅರ್ಧ ನಿಮಿಷ ಕಳೆದರೂ ಮೀಟರು 150ಕ್ಕಿಂತ ಮೇಲೆಯೇ ಇತ್ತು, ಮೆಲ್ಲಮೆಲ್ಲಗೆ ಇಳಿಯುತ್ತಿತ್ತು. ನನ್ನ ಕೈ ಯಂತ್ರದ ಹತ್ತಿರ ಹೋದದ್ದನ್ನು ಕಂಡು ಅವರು ಗದರಿದರು. ಚೆನ್ನಾಗಿ ನಡೆಯುವ ಯಂತ್ರ ತನ್ನ ಕೆಪ್ಯಾಸಿಟರಿನಲ್ಲಿದ್ದುದನ್ನು ತಾನೇ ಬಳಸಿ ಬರಿದು ಮಾಡುತ್ತದೆ. ಏಳದ ಯಂತ್ರದಲ್ಲಿ ಅದು ಹಾಗೆಯೇ ನಿಂತಿರುತ್ತದೆ. ಹಿಂದಿನ ವಾರವಷ್ಟೆ ನಾನು ಒಬ್ಬನೇ ಕುಳಿತು, ಪ್ಲಗ್ ತೆಗೆದಿದ್ದೇನೆಂಬ ಧೈರ್ಯದಲ್ಲಿ, ಅದೇ ಜಾಗದಲ್ಲಿ ಬೆರಳಾಡಿಸಿದ್ದೆ. ಅವ್ವನ ಪುಣ್ಯವೋ ಏನೋ, ಅಂದು ಏನೂ ಆಗಲಿಲ್ಲ. ಓದುಗರಲ್ಲಿ, ವಿಶೇಷವಾಗಿ ಮನೆಯಲ್ಲಿ ಕುತೂಹಲದ ಹುಡುಗರಿರುವವರಲ್ಲಿ, ನನ್ನದೊಂದು ವಿನಂತಿ: ಇಂಥ ಕೆಲಸವನ್ನು ಬಲ್ಲವರ ಕೈಗೇ ಬಿಡಿ. ಹಿರಿಯರು ಎರಡು ತಂತಿಗಳ ನಡುವೆ ಬೆಸೆದಿಟ್ಟುಕೊಂಡಿದ್ದ ರೆಸಿಸ್ಟರಿನಿಂದ ಆ ಶೇಷವನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಬೋರ್ಡಿಗೆ ಕೈಹಚ್ಚಿದರು.

ದೊಡ್ಡ ಕೆಪ್ಯಾಸಿಟರಿನಿಂದ ಚಿಕ್ಕದಕ್ಕೆ ವಿದ್ಯುತ್ತನ್ನು ಹನಿಹನಿಯಾಗಿ ಕೊಡುವ ರೆಸಿಸ್ಟರ್ ತುಂಡಾಗಿರುವುದೂ ಉಂಟು. ಅಳೆದು ನೋಡಿದರೆ ಅದು ಸರಿಯಾಗಿತ್ತು. ಉಳಿದದ್ದು ಚಿಕ್ಕ ಕೆಪ್ಯಾಸಿಟರು. ನೋಡಲು ಹೊಸದರಂತಿತ್ತು, ಉಬ್ಬಿರಲಿಲ್ಲ, ಸೋರಿರಲಿಲ್ಲ. ಬಿಸಿಯಾಗುವ ಟ್ರಾನ್ಸಿಸ್ಟರಿನ ತಗಡಿಗೆ ಆನಿಕೊಂಡಂತೆ ನಿಂತಿತ್ತು, ಅಷ್ಟೆ. ಆಗ ಹಿರಿಯರು ಮಾಡಿದ ಕೆಲಸವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಮೊಮ್ಮಗಳು ಕೂದಲು ಒಣಗಿಸಿಕೊಳ್ಳುವ ಡ್ರೈಯರನ್ನು ತರಿಸಿ, ಆ ಒಂದು ಭಾಗಕ್ಕೆ ಎರಡು ನಿಮಿಷ ಬಿಸಿ ಗಾಳಿ ಊದಿ, ಪ್ಲಗ್ ಹಾಕಿದರು. ಯಂತ್ರದ ಮುಂಭಾಗದಲ್ಲಿ ಗಡಿಯಾರದ ಹಸಿರು ಅಂಕಿಗಳು ಮಿಣುಕತೊಡಗಿದವು!

ನಾವೆಲ್ಲ ಕೂಗಿದೆವು. ಅವರು ಮಾತ್ರ ಪ್ಲಗ್ ಕಿತ್ತು, "ಆರಲಿ" ಎಂದರು. ಗಿರ್ಮಿಟ್ ತಿಂದು ಮುಗಿಯುವಷ್ಟು ಹೊತ್ತು ಬಿಟ್ಟು ಮತ್ತೆ ಹಾಕಿದಾಗ ಯಂತ್ರ ಮೊದಲಿನಂತೆಯೇ ಕತ್ತಲೆ. ಬಿಸಿ ಮಾಡಿದರೆ ಏಳುತ್ತದೆ, ತಣ್ಣಗಾದರೆ ಏಳುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನನ್ನ ಮನೆಯವರು ಅಡುಗೆಮನೆಯಿಂದ ಹೇಳಿದ್ದು ಇದನ್ನೇ.

ಕೆಪ್ಯಾಸಿಟರನ್ನು ಬಿಚ್ಚಿ ಅಳೆದರು. ಮೈಮೇಲೆ 47 ಮೈಕ್ರೊಫ್ಯಾರಡ್ ಎಂದು ಬರೆದಿದ್ದರೆ ಮೀಟರು ತೋರಿಸಿದ್ದು 4. ಇದರ ಒಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿರುತ್ತದೆ. ಆ ದ್ರವ ವರ್ಷವರ್ಷವೂ ತಳದ ರಬ್ಬರಿನ ಮುಚ್ಚಳದ ಮೂಲಕ ಆರುತ್ತ ಹೋಗುತ್ತದೆ. ಅಳಿದುಳಿದ ದ್ರವ ಬಿಸಿಯಾದಾಗ ಸ್ವಲ್ಪ ಸಡಿಲಾಗಿ ಕೆಲಸ ಮಾಡುತ್ತದೆ, ಚಳಿಯಲ್ಲಿ ಕೈಬಿಡುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹೆಚ್ಚಾದರೆ ಅದರ ಆಯುಷ್ಯ ಅರ್ಧಕ್ಕಿಳಿಯುವುದೆಂದು ಸ್ಥೂಲವಾದ ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 8,000 ಗಂಟೆ, 45 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಎಡೆಬಿಡದೆ ಸುಮಾರು ಮೂರೂವರೆ ವರ್ಷ ಬಾಳೀತು. ನಾವು ವಿಸಿಆರ್ "ಬಂದ್" ಮಾಡಿದ್ದೇವೆಂದು ತಿಳಿದಾಗಲೂ ಗಡಿಯಾರದ ಸಲುವಾಗಿ ಒಳಗಿನ ಪವರ್ ಸಪ್ಲೈ ಹಗಲುರಾತ್ರಿ ನಡೆಯುತ್ತಲೇ ಇರುತ್ತಿತ್ತು. ಆ ಲೆಕ್ಕದಲ್ಲಿ ನಮ್ಮ ಯಂತ್ರ ತನ್ನ ಪಾಲಿಗಿಂತ ಹೆಚ್ಚೇ ದುಡಿದಿತ್ತು. ನಾವು ಶಪಿಸುತ್ತಿದ್ದ ಲೋಡ್‌ಶೆಡ್ಡಿಂಗ್ ಅದಕ್ಕೆ ನಡುನಡುವೆ ವಿಶ್ರಾಂತಿ ಕೊಟ್ಟಿರಬೇಕು.

ಒಂದು ಕಪ್ ಚಹಾಕ್ಕಿಂತ ಕಡಿಮೆ ಬೆಲೆಯ ಹೊಸ ಕೆಪ್ಯಾಸಿಟರನ್ನು, 105 ಡಿಗ್ರಿ ತಾಳುವಂಥದ್ದನ್ನು, ಧನ-ಋಣ ಕಾಲುಗಳನ್ನು ಎರಡೆರಡು ಸಲ ನೋಡಿ ಬೆಸೆದರು. ತಗಡಿನಿಂದ ತುಸು ದೂರ ವಾಲಿಸಿಯೂ ಇಟ್ಟರು. ಆಚೆ ಬದಿಯಲ್ಲಿದ್ದ ಅದೇ ವಯಸ್ಸಿನ ಮೂರನ್ನು ಬದಲಿಸಿದರು. ಈ ಸಲ ಬಿಸಿ ಗಾಳಿಯಿಲ್ಲದೆಯೇ ಯಂತ್ರ ಎದ್ದಿತು. ಕ್ಯಾಸೆಟ್ ಎಳೆದುಕೊಳ್ಳುವ ರಬ್ಬರ್ ಬೆಲ್ಟ್ ಸಡಿಲಾಗಿದ್ದುದರಿಂದ ಅದಕ್ಕೆ ಇನ್ನೊಂದು ದಿನ ಹಿಡಿಯಿತು. ದುಡ್ಡು ಕೊಡಹೋದರೆ ಸಾಮಾನಿನ ಬೆಲೆಯನ್ನಷ್ಟೆ ತೆಗೆದುಕೊಂಡರು.

ಮದುವೆಯ ಕ್ಯಾಸೆಟ್ಟನ್ನು ಕೂಡಲೇ ಹಾಕಗೊಡಲಿಲ್ಲ. ಯಾವುದೋ ಹಳೆಯ ಸಿನಿಮಾದ ಕ್ಯಾಸೆಟ್ಟನ್ನು ಮುಂದೆ ಹಿಂದೆ ಓಡಿಸಿ, ಟೇಪು ಎಲ್ಲಿಯೂ ಸುಕ್ಕಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವ್ವ ಟ್ರಂಕಿನ ಕೀಲಿ ಕೊಟ್ಟಳು. ಕ್ಯಾಸೆಟ್ಟಿಗೆ ಬೂಸು ಹಿಡಿದಿರಲಿಲ್ಲ. ವಿಎಚ್‌ಎಸ್ ಟೇಪಿನಲ್ಲಿ ಚಿತ್ರಕ್ಕೆ ಅಗಲವಾದ ಜಾಗವಿದ್ದು, ಸಾಧಾರಣ ಯಂತ್ರಗಳಲ್ಲಿ ಧ್ವನಿಗೆ ಅಂಚಿನ ಒಂದು ಸಣ್ಣ ಪಟ್ಟಿಯಷ್ಟೆ ಸಿಗುತ್ತದೆ. ಅದೂ ಸೆಕೆಂಡಿಗೆ 2.34 ಸೆಂಟಿಮೀಟರಿನಂತೆ ತೆವಳುತ್ತದೆ, ಹಾಡಿನ ಕ್ಯಾಸೆಟ್ಟಿನ ಅರ್ಧ ವೇಗ. ಆದ್ದರಿಂದ ಧ್ವನಿಯ ಬಗ್ಗೆ ನನಗೆ ಆಸೆಯಿರಲಿಲ್ಲ. ಮೊದಲು ಬರೀ ಗೆರೆಗಳು, ಸರಸರ ಸದ್ದು. ಆಮೇಲೆ ಹಂದರ, ಸೋಬಾನೆ ಹಾಡುವ ಹೆಂಗಸರು, ಅರಿಷಿಣ ಹಚ್ಚಿಸಿಕೊಳ್ಳುತ್ತಿರುವ ತಂಗಿ. ಅವ್ವನಿಗೆ ನಾವು ಒಂದೊಂದನ್ನೇ ವಿವರಿಸುತ್ತಿದ್ದೆವು.

ಕೌಂಟರು 2346ಕ್ಕೆ ಬಂದಾಗ ತೆರೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಯಂತ್ರ ಮತ್ತೆ ಕೈಕೊಟ್ಟಿತೆಂದು ನಾನು ಎದ್ದುನಿಂತೆ. ಆದರೆ ಕತ್ತಲೆಯೊಳಗಿನಿಂದ ಜನರ ಗದ್ದಲ ಕೇಳುತ್ತಿತ್ತು. ಅಂದು ಮದುವೆಮನೆಯಲ್ಲಿ ಕರೆಂಟ್ ಹೋಗಿತ್ತು. ವಿಡಿಯೊದವನ ದೊಡ್ಡ ದೀಪ ಆರಿದರೂ ಬ್ಯಾಟರಿಯ ಮೇಲೆ ಕ್ಯಾಮೆರಾ ನಡೆದೇ ಇತ್ತು. ಆ ಗದ್ದಲದ ಮೇಲೆ ಅಪ್ಪನ ಧ್ವನಿ ಬಂತು. "ಏ, ಗ್ಯಾಸಬತ್ತಿ ತರ್ರೋ! ಹುಡುಗೀನ ಕೈ ಬಿಡಬ್ಯಾಡ್ರಿ, ಕತ್ತಲದಾಗ ಬ್ಯಾರೆ ಯಾರಿಗರೆ ಅರಿಷಿಣಾ ಹಚ್ಚೀರಿ ಮತ್ತ!" ಎಂದು ಅವರು ನಕ್ಕರು. ಗಂಟಲಿನಲ್ಲಿ ಕೆಮ್ಮಿನೊಂದಿಗೆ ಬೆರೆತ, ತಡೆದುಕೊಳ್ಳಲಾಗದ ನಗು. ಸುತ್ತಲಿನವರೂ ನಕ್ಕರು. ಗ್ಯಾಸಬತ್ತಿ ಬರುವವರೆಗೆ ತೆರೆಯ ಮೇಲೆ ಏನೂ ಕಾಣಲಿಲ್ಲ. ನಮ್ಮಲ್ಲಿ ಯಾರೂ ಅವ್ವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ.

"ಹೇಳಿದ್ದಿಲ್ಲ?" ಎಂದಳು ಅವ್ವ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಮ್ಮಿ ಹಚ್ಚು" ಎಂದಳು.

ಆ ಕ್ಯಾಸೆಟ್ಟನ್ನು ಮೊಮ್ಮಗಳು ಕಂಪ್ಯೂಟರಿಗೆ ಇಳಿಸಿದ್ದಾಳೆ. ತಂಗಿಯ ಮನೆಗೂ ಪ್ರತಿ ಹೋಗಿದೆ. ವಿಸಿಆರ್ ಮತ್ತೆ ಕಪಾಟಿನಲ್ಲಿಯೇ ಇದೆ. ಪ್ಲಗ್ ತೆಗೆದಿಡುತ್ತೇವೆ, ತಿಂಗಳಿಗೊಮ್ಮೆ ಹಾಕಿ ಅರ್ಧ ತಾಸು ನಡೆಸುತ್ತೇವೆ. ಆ ದಿನ ಅವ್ವ ಬೇಗನೆ ಊಟ ಮುಗಿಸಿ ಪಡಸಾಲೆಗೆ ಬಂದು ಕುಳಿತಿರುತ್ತಾಳೆ. ನನ್ನ ಮನೆಯವರು ಕಪಾಟಿನ ಬಾಗಿಲ ಒಳಬದಿಗೆ ಸೀಮೆಸುಣ್ಣದಿಂದ 2346 ಎಂದು ಬರೆದಿಟ್ಟಿದ್ದಾರೆ.